ಆನ್‌ಲೈನ್ ಕ್ಲಾಸಿಗೆ ಅರ್ಥ ಇರುವ ಅಸೈನ್‌ಮೆಂಟ್ ಮಾಡುವುದು ಹೇಗೆ? ಒಂದು ಕರೆಂಟ್ ಮೀಟರ್ ಹಿಡಿದು ಹೇಳುತ್ತೇನೆ

2020ರಲ್ಲಿ ಶಾಲೆ ಮುಚ್ಚಿದಾಗ ನಾನು ಹತ್ತನೇ ತರಗತಿ ಮಕ್ಕಳಿಗೆ ವಾಟ್ಸಾಪ್‌ನಲ್ಲಿ ಕೊಟ್ಟ ಮೊದಲ ಹೋಮ್‌ವರ್ಕ್ ಇಷ್ಟೇ: ‘ವಿದ್ಯುಚ್ಛಕ್ತಿ ಪಾಠದ ಅಭ್ಯಾಸದ ಪ್ರಶ್ನೆಗಳಿಗೆ ಉತ್ತರ ಬರೆದು ಫೋಟೊ ಕಳಿಸಿ.’ ರಾತ್ರಿ ಹತ್ತರೊಳಗೆ 38 ಮಕ್ಕಳ ಫೋಟೊ ಬಂತು. ಎಲ್ಲಾ ನೀಟಾಗಿತ್ತು. ಮಾರ್ಜಿನ್ ಹಾಕಿ, ಪ್ರಶ್ನೆಗೆ ಕಪ್ಪು ಪೆನ್ನು, ಉತ್ತರಕ್ಕೆ ನೀಲಿ ಪೆನ್ನು. ಕೂತು ತಿದ್ದುತ್ತಾ ಹೋದಾಗ ಒಂದು ವಿಷಯ ಕಣ್ಣಿಗೆ ಬಿತ್ತು. 26 ಮಕ್ಕಳ ಪುಟದಲ್ಲಿ ‘ವಿಭವಾಂತರ’ ಅನ್ನುವ ಪದ ‘ವಿಭಾವಂತರ’ ಆಗಿತ್ತು. ಯಾರೋ ಒಬ್ಬರು ಬರೆದಿದ್ದಾರೆ, ಉಳಿದವರು ಆ ಫೋಟೊ ನೋಡಿಕೊಂಡು ಇಳಿಸಿದ್ದಾರೆ.

ತುಂಬಾ ಬೇಜಾರಾಯಿತು. ಆದರೆ ಯೋಚಿಸಿದರೆ ತಪ್ಪು ಮಕ್ಕಳದ್ದಲ್ಲ. ನಾನು ಕೊಟ್ಟಿದ್ದೇ ಇಳಿಸುವ ಕೆಲಸ. ಪುಸ್ತಕದಿಂದ ನೋಟ್ಸಿಗೆ ಇಳಿಸಿದರೂ, ಗೆಳೆಯನ ಫೋಟೊದಿಂದ ಇಳಿಸಿದರೂ ಮಗುವಿನ ತಲೆಯಲ್ಲಿ ನಡೆಯುವುದು ಒಂದೇ. ಅಂದಿನಿಂದ ಯಾವ ಚಟುವಟಿಕೆ ಕೊಡುವ ಮುಂಚೆಯೂ ಒಂದು ಮಾತು ಕೇಳಿಕೊಳ್ಳುತ್ತೇನೆ: ಇದನ್ನು ಮಾಡುವಾಗ ಮಗುವಿನ ತಲೆಯಲ್ಲಿ ಏನು ನಡೆಯಬೇಕು? ಉತ್ತರ ಸಿಗದಿದ್ದರೆ ಆ ಕೆಲಸ ಕೊಡುವುದಿಲ್ಲ.

ಈಗ ಶಾಲೆ ಎಂದಿನಂತೆ ನಡೆಯುತ್ತಿದೆ. ಆದರೂ ವಾರಕ್ಕೆ ಮೂರು ಸಂಜೆ ಬೇರೆ ಬೇರೆ ಊರಿನ ಹತ್ತನೇ ತರಗತಿ ಮಕ್ಕಳಿಗೆ ಆನ್‌ಲೈನ್‌ನಲ್ಲಿ ವಿಜ್ಞಾನ ಹೇಳಿಕೊಡುತ್ತೇನೆ. ನನ್ನ ಉದಾಹರಣೆಗಳೆಲ್ಲ ಅಲ್ಲಿಂದಲೇ ಬರುತ್ತವೆ. ನೀವು ಸಮಾಜ ವಿಜ್ಞಾನವೋ ಕನ್ನಡವೋ ಕಾಮರ್ಸೋ ಹೇಳಿಕೊಡುವವರಾದರೂ ಹೆಜ್ಜೆಗಳು ಇವೇ.

ಮೊದಲು ಕ್ರಿಯಾಪದ ಬರೆದುಕೊಳ್ಳಿ

‘ಮಕ್ಕಳು ವಿದ್ಯುತ್ ಸಾಮರ್ಥ್ಯವನ್ನು ಅರ್ಥಮಾಡಿಕೊಳ್ಳಬೇಕು.’ ನಾವೆಲ್ಲ ಪಾಠ ಯೋಜನೆಯಲ್ಲಿ ಹೀಗೇ ಬರೆಯುತ್ತೇವೆ, ಅಲ್ವಾ? ತೊಂದರೆ ಏನೆಂದರೆ ಅರ್ಥಮಾಡಿಕೊಂಡಿದ್ದು ಕಣ್ಣಿಗೆ ಕಾಣುವುದಿಲ್ಲ, ಅದರಲ್ಲೂ ಆನ್‌ಲೈನ್‌ನಲ್ಲಿ ಎದುರಿಗೆ ಕಪ್ಪು ಚೌಕಗಳು ಮಾತ್ರ ಇರುವಾಗ. ಹಾಗಾಗಿ ಕಾಣುವಂಥ ಕ್ರಿಯಾಪದ ಬೇಕು. ಲೆಕ್ಕ ಹಾಕಬೇಕು. ಹೋಲಿಸಬೇಕು. ಕಾರಣ ಕೊಡಬೇಕು. ತಪ್ಪು ಹುಡುಕಬೇಕು. ಇನ್ನೊಬ್ಬರಿಗೆ ಬಿಡಿಸಿ ಹೇಳಬೇಕು.

ಬಿ.ಎಡ್. ಮಾಡಿದವರೆಲ್ಲ ಬೆಂಜಮಿನ್ ಬ್ಲೂಮ್ ಹೆಸರು ಕೇಳಿರುತ್ತೀರಿ. 1956ರಲ್ಲಿ ಬಂದ ಆ ಆರು ಹಂತಗಳನ್ನು 2001ರಲ್ಲಿ ಪರಿಷ್ಕರಿಸಿ ನೆನಪಿಡು, ಅರ್ಥಮಾಡಿಕೋ, ಬಳಸು, ಬಿಡಿಸಿ ನೋಡು, ತೂಗಿ ನೋಡು, ಹೊಸದು ಮಾಡು ಅಂತ ಕ್ರಿಯಾಪದಗಳಾಗಿಯೇ ಜೋಡಿಸಿದರು. ಪರೀಕ್ಷೆಗೆ ಬಾಯಿಪಾಠ ಮಾಡಿ ಬಿಟ್ಟ ವಿಷಯ ಇದು. ಆದರೆ ಒಂದು ಕೆಲಸಕ್ಕೆ ಮಾತ್ರ ಬಹಳ ಉಪಯೋಗ: ನೀವು ಕೊಟ್ಟ ಹಿಂದಿನ ಐದು ಅಸೈನ್‌ಮೆಂಟ್ ತೆಗೆದು, ಪ್ರತಿಯೊಂದರ ಮುಂದೆ ಯಾವ ಹಂತ ಅಂತ ಬರೆಯಿರಿ. ನನ್ನವು ಐದಕ್ಕೆ ಐದೂ ಮೊದಲ ಹಂತದಲ್ಲೇ ನಿಂತಿದ್ದವು.

ವಿದ್ಯುತ್ ಪಾಠಕ್ಕೆ ನಾನು ಕೊನೆಗೆ ಬರೆದುಕೊಂಡ ಗುರಿ ಹೀಗಿತ್ತು: ‘ಮನೆಯ ಯಾವುದೇ ಉಪಕರಣದ ವ್ಯಾಟ್ ಮತ್ತು ಗಂಟೆ ಕೊಟ್ಟರೆ ಎಷ್ಟು ಯೂನಿಟ್ ಅಂತ ಲೆಕ್ಕ ಹಾಕಬೇಕು, ಆ ಲೆಕ್ಕ ಮೀಟರಿಗೆ ಹೊಂದದಿದ್ದರೆ ಯಾಕೆ ಅಂತ ಕಾರಣ ಹೇಳಬೇಕು.’ ಇಷ್ಟು ಬರೆದ ಮೇಲೆ ಅಸೈನ್‌ಮೆಂಟ್ ಅರ್ಧ ಮುಗಿದ ಹಾಗೆ.

ಮಗುವಿನ ಮನೆ ಹೇಗಿದೆ ಅಂತ ತಿಳಿದುಕೊಳ್ಳಿ

ಇದನ್ನು ಬಿಟ್ಟು ಮುಂದೆ ಹೋಗಲೇಬೇಡಿ. ಟರ್ಮ್ ಶುರುವಾಗುವಾಗ ಪ್ರತಿ ಮಗುವಿನ ಮನೆಗೂ ಫೋನ್ ಮಾಡಿ ಐದು ಪ್ರಶ್ನೆ ಕೇಳುತ್ತೇನೆ. ಫೋನ್ ಯಾರದ್ದು, ಎಷ್ಟು ಗಂಟೆಗೆ ಮನೆಗೆ ಬರುತ್ತದೆ? ದಿನದ ಡೇಟಾ ಎಷ್ಟು, ಅದರಲ್ಲಿ ಇನ್ನೂ ಯಾರಿಗೆ ಪಾಲು? ಸಿಗ್ನಲ್ ಮನೆಯೊಳಗೆ ಸಿಗುತ್ತದಾ ಅಥವಾ ಹೊರಗೆ ಬರಬೇಕಾ? ಓದಲು ಕೂರಲು ಜಾಗ ಇದೆಯಾ? ಶಾಲೆ ಮುಗಿಸಿ ಬಂದ ಮೇಲೆ ಮನೆಯಲ್ಲಿ ಏನೇನು ಕೆಲಸ ಇರುತ್ತದೆ?

ಗೂಗಲ್ ಫಾರ್ಮ್ ಕಳಿಸಿದರೆ ಆಗದಾ ಅಂತ ಕೇಳಬಹುದು. ಫಾರ್ಮ್ ತುಂಬುವವರು ಫೋನ್ ಚೆನ್ನಾಗಿರುವ ಮಕ್ಕಳು. ನಿಮಗೆ ತಿಳಿಯಬೇಕಾಗಿರುವುದು ಉಳಿದವರ ವಿಷಯ.

ಹೀಗೆ ಫೋನ್ ಮಾಡಿ ಕೇಳಿದ್ದರಿಂದ ಏನೇನು ಬದಲಾಗುತ್ತದೆ ನೋಡಿ. ನನ್ನ ಕ್ಲಾಸಿನಲ್ಲಿ ಒಂಬತ್ತು ಮಕ್ಕಳ ಮನೆಗೆ ಫೋನ್ ಬರುವುದೇ ಅಪ್ಪ ಕೆಲಸ ಮುಗಿಸಿ ಬಂದ ಮೇಲೆ, ಏಳೂವರೆಗೆ. ಹಾಗಾಗಿ ಯಾವ ಕೆಲಸಕ್ಕೂ ‘ಇವತ್ತು ಸಂಜೆಯೊಳಗೆ’ ಅನ್ನುವ ಗಡುವು ಇಟ್ಟಿಲ್ಲ. ಭಾನುವಾರ ರಾತ್ರಿವರೆಗೆ ಸಮಯ. ಇಬ್ಬರು ಹುಡುಗಿಯರು ಅಮ್ಮನ ಜೊತೆ ಹಾಲು ಹಾಕಿ ಬರಬೇಕು, ಅವರಿಗೆ ಕ್ಲಾಸಿನ ಮೊದಲ ಹತ್ತು ನಿಮಿಷ ಸಿಗುವುದಿಲ್ಲ. ಆ ಹತ್ತು ನಿಮಿಷದಲ್ಲಿ ಹೊಸ ವಿಷಯ ತೆಗೆಯುವುದಿಲ್ಲ. ವಿಡಿಯೊ ಮಾಡಿ ಕಳಿಸಿ ಅಂತ ಯಾವತ್ತೂ ಕಡ್ಡಾಯ ಮಾಡಿಲ್ಲ, ಒಂದು ಫೋಟೊ, ಒಂದು ವಾಯ್ಸ್ ಮೆಸೇಜ್ ಸಾಕು.

ಕ್ಲಾಸಿನಲ್ಲಿ ಏನು, ಮನೆಯಲ್ಲಿ ಏನು

ಸುಲಭದ ಅಳತೆ ಒಂದಿದೆ. ಮಕ್ಕಳು ಒಬ್ಬರಿಗೊಬ್ಬರು ಬೇಕಾಗುವ ಕೆಲಸ ಕ್ಲಾಸಿನಲ್ಲಿ. ಒಬ್ಬರೇ ನಿಧಾನವಾಗಿ ಮಾಡಬೇಕಾದ್ದು ಮನೆಯಲ್ಲಿ. ನಾನೊಬ್ಬಳೇ ಮಾತಾಡುವ ಭಾಗ ರೆಕಾರ್ಡಿಂಗ್‌ನಲ್ಲಿ, ಹತ್ತು ನಿಮಿಷಕ್ಕಿಂತ ಜಾಸ್ತಿ ಬೇಡ, ಆಡಿಯೊ ಮಾತ್ರ ಇದ್ದರೂ ಆಗುತ್ತದೆ. ಲೈವ್ ಕ್ಲಾಸಿನಲ್ಲಿ 45 ನಿಮಿಷ ಪಿಪಿಟಿ ಓದಿ, ಕೊನೆಗೆ ‘ಎನಿ ಡೌಟ್ಸ್?’ ಅಂತ ಕೇಳುವುದು ಮಕ್ಕಳ ಡೇಟಾಗೂ ನಷ್ಟ, ನಮ್ಮ ಗಂಟಲಿಗೂ ನಷ್ಟ.

ಈಗ ಕೆಲಸ ಕಟ್ಟೋಣ: ಏಳು ದಿನದ ಮೀಟರ್

ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗುತ್ತೇನೆ, ಯಾಕೆಂದರೆ ಉಳಿದದ್ದೆಲ್ಲ ಇದರ ಮೇಲೆ ನಿಂತಿದೆ.

ಒಂದು ಒಳ್ಳೆಯ ಆನ್‌ಲೈನ್ ಅಸೈನ್‌ಮೆಂಟಿಗೆ ನಾನು ಮೂರು ವಿಷಯ ನೋಡುತ್ತೇನೆ. ಒಂದು, ಬೇಕಾದ ಸಾಮಾನು ಪ್ರತಿ ಮನೆಯಲ್ಲೂ ಇರಬೇಕು, ಒಂದು ರೂಪಾಯಿಯೂ ಖರ್ಚಾಗಬಾರದು. ಎರಡು, ಇಬ್ಬರು ಮಕ್ಕಳ ಉತ್ತರ ಒಂದೇ ಆಗಲು ಸಾಧ್ಯವೇ ಇರಬಾರದು. ಮೂರು, ಮಗುವಿನ ಊಹೆ ಒಂದು ಕಡೆ ಸುಳ್ಳಾಗಬೇಕು. ಈ ಮೂರನೆಯದು ಬಹಳ ಮುಖ್ಯ. ‘ಅಯ್ಯೋ, ಹಂಗಲ್ವಾ?’ ಅಂತ ಅನಿಸಿದ ಕ್ಷಣದಲ್ಲೇ ಕಲಿಕೆ ಆಗುವುದು.

ಕರೆಂಟ್ ಮೀಟರ್ ಮೂರಕ್ಕೂ ಸರಿಹೊಂದುತ್ತದೆ. ಸೋಮವಾರ ಸಂಜೆ ಏಳಕ್ಕೆ ಮೀಟರ್ ನೋಡಿ ಅಂಕಿ ಬರೆಯಬೇಕು, ಮುಂದಿನ ಸೋಮವಾರದವರೆಗೆ ದಿನಾ ಅದೇ ಹೊತ್ತಿಗೆ. ಒಂದು ಮನೆಯಲ್ಲಿ ಮೊದಲ ದಿನ 4821, ಕೊನೆಯ ದಿನ 4842 ಇತ್ತು ಅಂದುಕೊಳ್ಳಿ. ಏಳು ದಿನಕ್ಕೆ 21 ಯೂನಿಟ್, ದಿನಕ್ಕೆ ಸರಾಸರಿ 3. ಇನ್ನೊಂದು ಕಡೆ ಮನೆಯ ಉಪಕರಣಗಳ ಪಟ್ಟಿ ಮಾಡಬೇಕು: ಎಷ್ಟು ವ್ಯಾಟ್, ದಿನಕ್ಕೆ ಎಷ್ಟು ಗಂಟೆ. ವ್ಯಾಟನ್ನು ಗಂಟೆಯಿಂದ ಗುಣಿಸಿ 1000ದಿಂದ ಭಾಗಿಸಿದರೆ ಯೂನಿಟ್.

ಲೆಕ್ಕಕ್ಕೆ ಮುಂಚೆ ಒಂದು ಊಹೆ ಬರೆಸುತ್ತೇನೆ: ‘ನಿಮ್ಮ ಮನೆಯಲ್ಲಿ ಒಂದು ದಿನಕ್ಕೆ ಯಾವುದು ಜಾಸ್ತಿ ಯೂನಿಟ್ ಬಳಸುತ್ತದೆ? ಮಿಕ್ಸಿಯಾ, ಫ್ಯಾನಾ?’ ಬಹುತೇಕ ಎಲ್ಲರೂ ಮಿಕ್ಸಿ ಅಂತಲೇ ಬರೆಯುತ್ತಾರೆ. ಒಬ್ಬ ಹುಡುಗ ಕಾರಣವನ್ನೂ ಹೇಳಿದ: ‘ಮಿಕ್ಸಿ ಅಷ್ಟು ಜೋರಾಗಿ ಸದ್ದು ಮಾಡುತ್ತಲ್ಲ ಮಿಸ್, ಫ್ಯಾನ್ ಪಾಪ ಸುಮ್ನೆ ತಿರುಗ್ತಾ ಇರುತ್ತೆ.’ ಆಮೇಲೆ ಲೆಕ್ಕ ಹಾಕಿದ. 500 ವ್ಯಾಟ್ ಮಿಕ್ಸಿ, ಚಟ್ನಿಗೆ, ಸಾರಿನ ಮಸಾಲೆಗೆ ಸೇರಿ ದಿನಕ್ಕೆ ಆರು ನಿಮಿಷ: 0.05 ಯೂನಿಟ್. 75 ವ್ಯಾಟ್ ಫ್ಯಾನ್, ರಾತ್ರಿಯೆಲ್ಲ ಹತ್ತು ಗಂಟೆ: 0.75 ಯೂನಿಟ್. ಹದಿನೈದು ಪಟ್ಟು! ಸಾಮರ್ಥ್ಯ ಬೇರೆ, ಬಳಸಿದ ಶಕ್ತಿ ಬೇರೆ ಅಂತ ನಾನು ಬೋರ್ಡಿನ ಮೇಲೆ ಎಷ್ಟು ಸಲ ಬರೆದಿದ್ದೆನೋ. ಅವನಿಗೆ ಅದು ಹೊಳೆದದ್ದು ಅಮ್ಮನ ಮಿಕ್ಸಿಯ ಹಿಂದಿನ ಚೀಟಿ ಓದಿದ ದಿನ.

ಇಷ್ಟಕ್ಕೆ ನಿಲ್ಲಿಸಬೇಡಿ. ಪಟ್ಟಿಯ ಮೊತ್ತ ಮತ್ತು ಮೀಟರಿನ ಅಂಕಿ ಯಾವತ್ತೂ ಸರಿಯಾಗಿ ಹೊಂದುವುದಿಲ್ಲ, ಹೊಂದಬೇಕಾಗಿಯೂ ಇಲ್ಲ. ಒಬ್ಬ ಹುಡುಗಿಯ ಪಟ್ಟಿ 2.6ಕ್ಕೆ ಬಂತು, ಮೀಟರ್ 3 ಅನ್ನುತ್ತಿತ್ತು. ಉಳಿದ 0.4 ಎಲ್ಲಿ ಹೋಯಿತು? ಅದೇ ಈ ಅಸೈನ್‌ಮೆಂಟಿನ ನಿಜವಾದ ಪ್ರಶ್ನೆ. ಎರಡು ದಿನ ಹುಡುಕಿ ಅವಳು ವಾಯ್ಸ್ ಮೆಸೇಜ್ ಕಳಿಸಿದಳು. ಕೊಟ್ಟಿಗೆಯಲ್ಲಿ ಹಸು ಕರು ಹಾಕಿದೆ ಅಂತ ರಾತ್ರಿಯಿಡೀ 40 ವ್ಯಾಟಿನ ಬಲ್ಬು ಉರಿಯುತ್ತಿತ್ತು, ಹತ್ತು ಗಂಟೆ. ಪಟ್ಟಿಯಲ್ಲಿ ಅದು ಬಿಟ್ಟುಹೋಗಿತ್ತು. ಹಿನ್ನೆಲೆಯಲ್ಲಿ ಕರುವಿನ ಕೂಗೂ ಕೇಳುತ್ತಿತ್ತು. ಆ ಮೆಸೇಜನ್ನು ನಾನು ಇನ್ನೂ ಅಳಿಸಿಲ್ಲ.

ಚುರುಕಾದ ಮಕ್ಕಳಿಗೆ ಇನ್ನೊಂದು ಮೆಟ್ಟಿಲು ಇಟ್ಟಿರುತ್ತೇನೆ. ಡಿಜಿಟಲ್ ಮೀಟರಿನಲ್ಲಿ ಒಂದು ಪುಟ್ಟ ಕೆಂಪು ದೀಪ ಮಿನುಗುತ್ತಾ ಇರುತ್ತದೆ ನೋಡಿ. ಒಂದು ಯೂನಿಟಿಗೆ ಅದು ಎಷ್ಟು ಸಲ ಮಿನುಗುತ್ತದೆ ಅಂತ ಮೀಟರಿನ ಮೇಲೇ ಅಚ್ಚಾಗಿರುತ್ತದೆ, ಕೆಲವದರಲ್ಲಿ 1600, ಕೆಲವದರಲ್ಲಿ 3200. 3200 ಇರುವ ಮೀಟರ್ ನಿಮಿಷಕ್ಕೆ ಎಂಟು ಸಲ ಮಿನುಗಿದರೆ ಗಂಟೆಗೆ 480 ಸಲ, ಅಂದರೆ 0.15 ಯೂನಿಟ್. ಆ ಹೊತ್ತಿಗೆ ಮನೆ ಪೂರ್ತಿ ಎಳೆಯುತ್ತಿರುವುದು 150 ವ್ಯಾಟ್. ಗಡಿಯಾರ ಹಿಡಿದು ಎಣಿಸುವ ಈ ಆಟಕ್ಕೆ ತಮ್ಮ ತಂಗಿಯರೂ ಬಂದು ಸೇರುತ್ತಾರೆ.

ಹೀಗೆ ಮನೆಯೊಳಗೆ ಕೈ ಹಾಕುವ ಅಸೈನ್‌ಮೆಂಟಿನಲ್ಲಿ ಎರಡು ಎಚ್ಚರ ಬೇಕು. ಮೀಟರ್ ಪೆಟ್ಟಿಗೆ ಮುಟ್ಟುವಂತಿಲ್ಲ, ದೂರದಿಂದ ಓದಬೇಕು. ವಾಟರ್ ಹೀಟರಿನ ಚೀಟಿ ಓದುವಾಗ ಪ್ಲಗ್ ತೆಗೆದಿರಬೇಕು, ದೊಡ್ಡವರು ಜೊತೆಗಿರಬೇಕು. ಇನ್ನೊಂದು, ಮನೆಯ ಮರ್ಯಾದೆ. ಬಿಲ್ಲಿನ ಫೋಟೊ ಕೇಳಬೇಡಿ, ಅದರಲ್ಲಿ ಹೆಸರು, ಆರ್‌ಆರ್ ನಂಬರ್, ಬಾಕಿ ಎಲ್ಲಾ ಇರುತ್ತದೆ. ರೂಪಾಯಿಯ ಲೆಕ್ಕವೂ ಬೇಡ, ಯೂನಿಟ್ ಸಾಕು. 2023ರಲ್ಲಿ ಗೃಹಜ್ಯೋತಿ ಬಂದ ಮೇಲೆ ಎಷ್ಟೋ ಮನೆಗೆ ಸೊನ್ನೆ ಬಿಲ್ ಬರುತ್ತದೆ, ‘ನಮಗೆ ಬಿಲ್ಲೇ ಇಲ್ಲ ಮಿಸ್’ ಅನ್ನುವ ಮಕ್ಕಳಿಗೂ ಮೀಟರ್ ಓಡುತ್ತಲೇ ಇರುತ್ತದೆ. ಮೂರು ನಾಲ್ಕು ಮನೆಗೆ ಸೇರಿ ಒಂದೇ ಮೀಟರ್ ಇರುವ ಮಗುವಿಗೆ ನನ್ನ ಮನೆಯ ಅಂಕಿಗಳನ್ನು ಕೊಡುತ್ತೇನೆ, ಅದನ್ನು ಎಲ್ಲರ ಮುಂದೆ ಹೇಳದೆ.

ಸೂಚನೆ ಬರೆಯುವ ರೀತಿ

ಶಾಲೆಯಲ್ಲಾದರೆ ಸೂಚನೆ ಅರ್ಥವಾಗದ ಮಗು ಪಕ್ಕದವರನ್ನು ಕೇಳುತ್ತದೆ, ಇಲ್ಲವೇ ನಮ್ಮ ಮುಖ ನೋಡುತ್ತದೆ. ಆನ್‌ಲೈನ್‌ನಲ್ಲಿ ಆ ಮಗು ಸುಮ್ಮನಾಗಿಬಿಡುತ್ತದೆ. ಹಾಗಾಗಿ ಬರವಣಿಗೆಯಲ್ಲೇ ಎಲ್ಲಾ ಇರಬೇಕು. ಅಮೆರಿಕದ ಮೇರಿ-ಆ್ಯನ್ ವಿಂಕಲ್‌ಮಸ್ ಅನ್ನುವ ಶಿಕ್ಷಣತಜ್ಞೆ ಇದಕ್ಕೆ ಸರಳವಾದ ಮೂರು ಭಾಗ ಮಾಡಿದ್ದಾರೆ: ಉದ್ದೇಶ ಏನು, ಕೆಲಸ ಏನು, ಅಳೆಯುವುದು ಹೇಗೆ. ನಾನು ಮಕ್ಕಳಿಗೆ ಕಳಿಸಿದ ಮೆಸೇಜ್ ಹೀಗಿತ್ತು:

‘ಯಾಕೆ: ಒಂದು ಯೂನಿಟ್ ಅಂದರೆ ಎಷ್ಟು ಅಂತ ನಿಮ್ಮ ಮನೆಯ ವಸ್ತುಗಳಿಂದಲೇ ತಿಳಿಯುವುದಕ್ಕೆ. ಪರೀಕ್ಷೆಯಲ್ಲಿ ಬರುವ ಲೆಕ್ಕವೂ ಇದೇ.

ಏನು ಮಾಡಬೇಕು: ಮೊದಲು ಊಹೆ ಬರೆಯಿರಿ, ಮಿಕ್ಸಿಯೋ ಫ್ಯಾನೋ. ಸೋಮವಾರದಿಂದ ಮುಂದಿನ ಸೋಮವಾರದವರೆಗೆ ದಿನಾ ಒಂದೇ ಹೊತ್ತಿಗೆ ಮೀಟರ್ ಓದಿ ಬರೆಯಿರಿ, ಒಟ್ಟು ಎಂಟು ಅಂಕಿ. ಐದು ಉಪಕರಣ ಆರಿಸಿ, ಒಂದೊಂದೂ ದಿನಕ್ಕೆ ಎಷ್ಟು ಯೂನಿಟ್ ಅಂತ ಲೆಕ್ಕ ಹಾಕಿ. ನಿಮ್ಮ ಲೆಕ್ಕಕ್ಕೂ ಮೀಟರಿಗೂ ವ್ಯತ್ಯಾಸ ಎಷ್ಟು, ಯಾಕಿರಬಹುದು ಅಂತ ಮೂರು ಸಾಲು ಬರೆಯಿರಿ.

ಏನು ಕಳಿಸಬೇಕು: ಒಂದೇ ಪುಟದ ಒಂದು ಫೋಟೊ. ವ್ಯತ್ಯಾಸ ಯಾಕೆ ಅಂತ ಒಂದು ನಿಮಿಷದ ವಾಯ್ಸ್ ಮೆಸೇಜ್.

ಎಷ್ಟು ಹೊತ್ತು: ದಿನಾ ಎರಡು ನಿಮಿಷ, ಕೊನೆಯ ದಿನ ಅರ್ಧ ಗಂಟೆ.

ಅಂಕ ಹತ್ತು: ಅಂಕಿಗಳಿಗೆ 2, ಲೆಕ್ಕಕ್ಕೆ 3, ಕಾರಣಕ್ಕೆ 5. ಲೆಕ್ಕ ಮೀಟರಿಗೆ ಹೊಂದದಿದ್ದರೆ ಅಂಕ ಹೋಗುವುದಿಲ್ಲ. ಒಂದು ದಿನ ಓದುವುದು ತಪ್ಪಿದರೆ ಖಾಲಿ ಬಿಡಿ, ಊಹಿಸಿ ತುಂಬಬೇಡಿ.’

ಕೊನೆಯ ಎರಡು ಸಾಲು ನೋಡಿ. ಅವು ಇಲ್ಲದಿದ್ದರೆ ಮಕ್ಕಳು ಮೀಟರಿಗೆ ಹೊಂದುವಂತೆ ಗಂಟೆಗಳನ್ನು ತಿದ್ದಿಬಿಡುತ್ತಾರೆ. ಕಾರಣಕ್ಕೆ ಐದು ಅಂಕ ಅಂತ ಮೊದಲೇ ಹೇಳಿದರೆ ಮಗುವಿನ ಗಮನವೂ ಅಲ್ಲಿಗೇ ಹೋಗುತ್ತದೆ. ಇದನ್ನೇ ನಾನು ಓದಿ, ಎರಡು ನಿಮಿಷದ ಆಡಿಯೊ ಮಾಡಿಯೂ ಹಾಕುತ್ತೇನೆ. ಓದುವುದರಲ್ಲಿ ಹಿಂದಿರುವ ಮಕ್ಕಳಿಗೆ ಅದು ಬೇಕು.

ಕಳಿಸುವ ಮುಂಚೆ ನೀವೇ ಒಂದು ಸಲ ಪೂರ್ತಿ ಮಾಡಿ ನೋಡಿ. ಮಕ್ಕಳ ಬಳಿ ಇರುವಂಥ ಫೋನಿನಲ್ಲೇ. ನಿಮಗೆ ಹತ್ತು ನಿಮಿಷ ಹಿಡಿದರೆ ಮಗುವಿಗೆ ಅರ್ಧ ಗಂಟೆ ಬೇಕು ಅಂತ ಲೆಕ್ಕ. ಉಳಿದ ವಿಷಯದ ಶಿಕ್ಷಕರು ಆ ವಾರ ಏನು ಕೊಟ್ಟಿದ್ದಾರೆ ಅಂತಲೂ ಕೇಳಿ, ನಮ್ಮೊಬ್ಬರದ್ದೇ ಹೋಮ್‌ವರ್ಕ್ ಅಲ್ಲವಲ್ಲ.

ಲೈವ್ ಕ್ಲಾಸಿನ ಚಟುವಟಿಕೆಗಳು

ಪ್ರತಿ ಕ್ಲಾಸನ್ನೂ ಐದು ನಿಮಿಷದ ನೆನಪಿನ ಕೆಲಸದಿಂದ ಶುರು ಮಾಡುತ್ತೇನೆ. ಪುಸ್ತಕ ಮುಚ್ಚಿ, ಹೋದ ಕ್ಲಾಸಿನ ಮೂರು ವಿಷಯ ಹಾಳೆಯ ಮೇಲೆ ಬರೆಯಿರಿ, ಅಷ್ಟೇ. ಅಂಕ ಇಲ್ಲ. 2006ರಲ್ಲಿ ರೋಡಿಗರ್ ಮತ್ತು ಕಾರ್ಪಿಕೆ ಅನ್ನುವ ಇಬ್ಬರು ಮನೋವಿಜ್ಞಾನಿಗಳು ಒಂದು ಪ್ರಯೋಗ ಮಾಡಿದರು. ಒಂದು ಗುಂಪು ಪಾಠವನ್ನು ಮತ್ತೆ ಮತ್ತೆ ಓದಿತು, ಇನ್ನೊಂದು ಗುಂಪು ಓದಿ ಆಮೇಲೆ ನೋಡದೆ ನೆನಪಿಸಿಕೊಂಡು ಬರೆಯಿತು. ಐದು ನಿಮಿಷದ ನಂತರ ಕೇಳಿದಾಗ ಮತ್ತೆ ಓದಿದವರೇ ಮುಂದು. ಒಂದು ವಾರದ ನಂತರ ಕೇಳಿದಾಗ ನೆನಪಿಸಿಕೊಂಡು ಬರೆದವರು ಮುಂದು. ತಡವಾಗಿ ಬರುವ ಮಕ್ಕಳಿಗೆ ಈ ಐದು ನಿಮಿಷ ತಪ್ಪಿದರೂ ಪಾಠ ತಪ್ಪುವುದಿಲ್ಲ, ಅದೂ ಒಂದು ಅನುಕೂಲ.

ಎರಡನೆಯದು ಸ್ಲೇಟು. ಹೌದು, ಒಂದನೇ ತರಗತಿಯ ಸ್ಲೇಟೇ. ಕ್ಯಾಮೆರಾ ಹಾಕಲು ಆಗುವವರು ಉತ್ತರ ಬರೆದು ಎತ್ತಿ ಹಿಡಿಯುತ್ತಾರೆ, ಆಗದವರು ಚಾಟ್‌ನಲ್ಲಿ ಟೈಪ್ ಮಾಡಿ ಕಾಯುತ್ತಾರೆ. ‘ನಾನು ಹೇಳುವವರೆಗೆ ಸೆಂಡ್ ಒತ್ತಬೇಡಿ’ ಅನ್ನುವುದು ನಿಯಮ. ಒಂದು, ಎರಡು, ಮೂರು ಅಂದ ಕೂಡಲೇ ಎಲ್ಲಾ ಉತ್ತರ ಒಟ್ಟಿಗೆ ಸುರಿಯುತ್ತವೆ. ಹೀಗೆ ಮಾಡದಿದ್ದರೆ ಮೊದಲು ಬಂದ ಚುರುಕು ಮಗುವಿನ ಉತ್ತರವನ್ನೇ ಎಲ್ಲರೂ ಹಾಕುತ್ತಾರೆ.

ಮೂರನೆಯದು ನನಗೆ ಬಹಳ ಇಷ್ಟವಾದದ್ದು: ಎರಡು ಸಲ ಓಟು. ಹಾರ್ವರ್ಡಿನ ಭೌತವಿಜ್ಞಾನದ ಮೇಷ್ಟ್ರು ಎರಿಕ್ ಮಜೂರ್ 1990ರ ದಶಕದಲ್ಲಿ ದೊಡ್ಡ ದೊಡ್ಡ ಕ್ಲಾಸುಗಳಲ್ಲಿ ಬಳಕೆಗೆ ತಂದ ಕ್ರಮ ಇದು. ಒಂದು ಪ್ರಶ್ನೆ ಹಾಕುತ್ತೇನೆ: ಎರಡು ಬಲ್ಬು ಸರಣಿಯಲ್ಲಿವೆ, ಮೊದಲ ಬಲ್ಬು ದಾಟಿದ ಮೇಲೆ ಕರೆಂಟು ಕಡಿಮೆಯಾಗುತ್ತದಾ, ಅಷ್ಟೇ ಇರುತ್ತದಾ, ಜಾಸ್ತಿಯಾಗುತ್ತದಾ? ಮೊದಲ ಓಟು, ಫಲಿತಾಂಶ ತೋರಿಸುವುದಿಲ್ಲ. ಅರ್ಧಂಬರ್ಧ ಮಕ್ಕಳು ಸರಿ ಹೇಳಿದ್ದರೆ ಮೂರು ಮೂರು ಜನರನ್ನು ಬ್ರೇಕ್‌ಔಟ್ ರೂಮಿಗೆ (ಆನ್‌ಲೈನ್ ಕ್ಲಾಸಿನೊಳಗೇ ಚಿಕ್ಕ ಗುಂಪು ಬೇರೆಯಾಗಿ ಮಾತಾಡುವ ಜಾಗ) ಕಳಿಸಿ ನಾಲ್ಕು ನಿಮಿಷ ಬಿಡುತ್ತೇನೆ, ಕೆಲಸ ಒಂದೇ: ನಿಮ್ಮ ಉತ್ತರ ಯಾಕೆ ಸರಿ ಅಂತ ಉಳಿದಿಬ್ಬರನ್ನು ಒಪ್ಪಿಸಿ. ಮತ್ತೆ ಓಟು. ಒಂದು ರೂಮಿಗೆ ಹೋಗಿ ಸುಮ್ಮನೆ ಕೇಳಿಸಿಕೊಂಡೆ. ‘ಪೈಪ್ ಎಲ್ಲೂ ಸೋರದಿದ್ರೆ ಈ ಕಡೆ ಎಷ್ಟು ನೀರು ಹೋಗುತ್ತೋ ಆ ಕಡೆ ಅಷ್ಟೇ ಬರುತ್ತೆ ಅಲ್ವೇನೇ’ ಅಂತ ಒಬ್ಬಳು ಇನ್ನೊಬ್ಬಳಿಗೆ ಹೇಳುತ್ತಿದ್ದಳು. ಅಷ್ಟು ಚೆನ್ನಾಗಿ ನಾನು ಹೇಳಿರಲಿಲ್ಲ.

ಬ್ರೇಕ್‌ಔಟ್ ರೂಮಿನಲ್ಲಿ ಮಕ್ಕಳು ಮಾತಾಡುವುದೇ ಇಲ್ಲ ಅನ್ನುವ ದೂರು ಎಲ್ಲರದ್ದೂ ಇದೆ. ‘ಚರ್ಚೆ ಮಾಡಿ’ ಅಂತ ಕಳಿಸಿದರೆ ಮಾತಾಡುವುದಿಲ್ಲ. ಮೂವರಿಗಿಂತ ಜಾಸ್ತಿ ಬೇಡ, ಐದು ನಿಮಿಷ ಮೀರುವುದು ಬೇಡ, ವಾಪಸ್ ಬರುವಾಗ ಒಂದು ವಾಕ್ಯವೋ ಒಂದು ಅಂಕಿಯೋ ಕೈಯಲ್ಲಿರಬೇಕು. ಯಾರು ಹೇಳುತ್ತಾರೆ ಅನ್ನುವುದನ್ನೂ ಮೊದಲೇ ಗೊತ್ತು ಮಾಡಿ, ‘ಹೆಸರು ಅಕಾರಾದಿಯಲ್ಲಿ ಮೊದಲು ಬರುವವರು’ ಅಂದರೆ ಸಾಕು.

ಗುಂಪು ಕೆಲಸ: ಒಬ್ಬರಿಲ್ಲದೆ ಇನ್ನೊಬ್ಬರಿಗೆ ಆಗಬಾರದು

ಐದು ಜನರಿಗೆ ಒಂದು ಪ್ರಾಜೆಕ್ಟ್ ಕೊಟ್ಟರೆ ಒಬ್ಬಳು ಮಾಡುತ್ತಾಳೆ, ನಾಲ್ವರ ಹೆಸರು ಇರುತ್ತದೆ. ಇದನ್ನು ತಪ್ಪಿಸಲು ಜಿಗ್‌ಸಾ ಕ್ರಮ ಇದೆ. 1971ರಲ್ಲಿ ಅಮೆರಿಕದ ಆಸ್ಟಿನ್‌ನಲ್ಲಿ ಬಿಳಿಯ, ಕಪ್ಪು ಮಕ್ಕಳೆಲ್ಲ ಒಂದೇ ಕ್ಲಾಸಿಗೆ ಬಂದು ಜಗಳ ಶುರುವಾದಾಗ ಎಲಿಯಟ್ ಆ್ಯರನ್ಸನ್ ಅನ್ನುವವರು ಮಾಡಿದ್ದು. ಪಾಠವನ್ನು ತುಂಡು ಮಾಡಿ ಒಬ್ಬೊಬ್ಬರಿಗೆ ಒಂದೊಂದು ತುಂಡು. ಎಲ್ಲರೂ ತಮ್ಮದನ್ನು ಹೇಳಿದರೆ ಮಾತ್ರ ಚಿತ್ರ ಪೂರ್ತಿಯಾಗುತ್ತದೆ.

ಶಕ್ತಿಯ ಆಕರಗಳ ವಿಷಯಕ್ಕೆ ನಾನು ನಾಲ್ಕು ತುಂಡು ಮಾಡಿದೆ, ನಾಲ್ಕೂ ನಮ್ಮ ರಾಜ್ಯದವೇ. ಶರಾವತಿ ವಿದ್ಯುದಾಗಾರ, 1035 ಮೆಗಾವ್ಯಾಟ್. ರಾಯಚೂರು ಶಾಖೋತ್ಪನ್ನ ಸ್ಥಾವರ, 1720. ಕೈಗಾ ಅಣುಸ್ಥಾವರ, 220ರ ನಾಲ್ಕು ಘಟಕ ಸೇರಿ 880. ಪಾವಗಡದ ಸೋಲಾರ್ ಪಾರ್ಕ್, 2050. ಪ್ರತಿ ಮಗುವೂ ತನ್ನ ತುಂಡಿನ ಬಗ್ಗೆ ಮೂರು ವಿಷಯ ತರಬೇಕು: ಕರೆಂಟ್ ಹೇಗೆ ಹುಟ್ಟುತ್ತದೆ, ಯಾವಾಗ ನಿಲ್ಲುತ್ತದೆ, ಅಲ್ಲಿನ ನೆಲಕ್ಕೆ, ಜನಕ್ಕೆ ಏನಾಯಿತು. ಒಂದೇ ತುಂಡು ಸಿಕ್ಕ ಮಕ್ಕಳು ಮೊದಲು ಒಟ್ಟಿಗೆ ಸೇರಿ ತಮ್ಮ ತಪ್ಪು ತಿದ್ದಿಕೊಳ್ಳುತ್ತಾರೆ, ಆಮೇಲೆ ತಮ್ಮ ತಮ್ಮ ಗುಂಪಿಗೆ ಹೋಗಿ ಹೇಳಿಕೊಡುತ್ತಾರೆ.

ಕೊನೆಯ ಪ್ರಶ್ನೆಗೆ ನಾಲ್ಕೂ ತುಂಡು ಬೇಕು. ‘ರಾತ್ರಿ ಎಂಟು ಗಂಟೆ, ಮಳೆ ಕೈಕೊಟ್ಟ ವರ್ಷ, ಜಲಾಶಯದಲ್ಲಿ ನೀರಿಲ್ಲ. ಎಲ್ಲರ ಮನೆಯಲ್ಲೂ ದೀಪ ಉರಿಯಬೇಕು. ಈಗ ಯಾವುದರಿಂದ ಎಷ್ಟು ತೆಗೆದುಕೊಳ್ಳುತ್ತೀರಿ?’ 2050 ಅಂತ ದೊಡ್ಡ ಅಂಕಿ ಹಿಡಿದುಕೊಂಡು ಬಂದ ಪಾವಗಡದ ಮಗು ರಾತ್ರಿ ಎಂಟಕ್ಕೆ ತನ್ನ ಹತ್ತಿರ ಏನೂ ಇಲ್ಲ ಅಂತ ಕಂಡುಕೊಳ್ಳುತ್ತದೆ. ಸ್ಥಾಪಿತ ಸಾಮರ್ಥ್ಯಕ್ಕೂ ಆ ಹೊತ್ತಿಗೆ ಸಿಗುವ ಕರೆಂಟಿಗೂ ಇರುವ ವ್ಯತ್ಯಾಸ ಅಲ್ಲೇ ಗೊತ್ತಾಗುತ್ತದೆ. ಲಿಂಗನಮಕ್ಕಿಯ ನೀರಿನಡಿ ಹೋದ ಊರುಗಳ ಕಥೆಯನ್ನು ಅಜ್ಜಿಯಿಂದ ಕೇಳಿ ಬಂದ ಹುಡುಗನೊಬ್ಬ ಮಾತಾಡಿದಾಗ ಆ ದಿನ ಎಂಟೂವರೆಗೆ ಮುಗಿಯಬೇಕಿದ್ದ ಕ್ಲಾಸ್ ಒಂಬತ್ತಾದರೂ ಮುಗಿಯಲಿಲ್ಲ.

ಅಂಕ ಕೊಡುವಾಗ ಅರ್ಧ ಒಬ್ಬೊಬ್ಬರ ತುಂಡಿಗೆ, ಅರ್ಧ ಗುಂಪಿನ ಉತ್ತರಕ್ಕೆ.

ನಕಲು ಮತ್ತು ಎಐ

2022ರ ನವೆಂಬರಿನಲ್ಲಿ ಚಾಟ್‌ಜಿಪಿಟಿ ಬಂದ ಮೇಲೆ ‘ಓಮ್‌ನ ನಿಯಮ ವಿವರಿಸಿ’ ಅನ್ನುವಂಥ ಅಸೈನ್‌ಮೆಂಟಿಗೆ ಅರ್ಥ ಉಳಿದಿಲ್ಲ. ಪತ್ತೆ ಹಚ್ಚುವ ಸಾಫ್ಟ್‌ವೇರ್ ನಂಬಿ ಮಕ್ಕಳ ಮೇಲೆ ಆರೋಪ ಹೊರಿಸಬೇಡಿ, ಅವು ಪ್ರಾಮಾಣಿಕವಾಗಿ ಬರೆದ ಮಗುವನ್ನೂ ಕಳ್ಳ ಅಂದುಬಿಡುತ್ತವೆ. ಕೆಲಸವನ್ನೇ ಬದಲಾಯಿಸುವುದು ವಾಸಿ. ಆ ಹುಡುಗಿಯ ಮನೆಯ ಕೊಟ್ಟಿಗೆಯ ಬಲ್ಬು ಯಾವ ಎಐಗೂ ಗೊತ್ತಿಲ್ಲ.

ನಾನು ಎಐಯನ್ನು ಕ್ಲಾಸಿಗೇ ಕರೆತರುತ್ತೇನೆ. ‘ಕರ್ನಾಟಕದ ಒಂದು ಹಳ್ಳಿ ಮನೆ ದಿನಕ್ಕೆ ಎಷ್ಟು ಯೂನಿಟ್ ಬಳಸುತ್ತದೆ, ಯಾವುದಕ್ಕೆ ಎಷ್ಟು?’ ಅಂತ ಕೇಳಿ ಬಂದ ಉತ್ತರವನ್ನು ಮಕ್ಕಳಿಗೆ ಕೊಟ್ಟು, ನಿಮ್ಮ ಏಳು ದಿನದ ಅಂಕಿ ಇಟ್ಟುಕೊಂಡು ಇದರಲ್ಲಿ ಎಲ್ಲೆಲ್ಲಿ ಒಪ್ಪುವುದಿಲ್ಲ ಅಂತ ಗುರುತು ಮಾಡಿ ಅನ್ನುತ್ತೇನೆ. ಸ್ವಂತ ಅಂಕಿ ಕೈಯಲ್ಲಿರುವ ಮಗು ಧೈರ್ಯವಾಗಿ ವಾದ ಮಾಡುತ್ತದೆ.

ಮತ್ತೆ, ಆ ಒಂದು ನಿಮಿಷದ ವಾಯ್ಸ್ ಮೆಸೇಜ್. ಕಾಗದ ನೋಡಿ ಓದುತ್ತಿದೆಯೋ ಯೋಚಿಸಿ ಹೇಳುತ್ತಿದೆಯೋ ಅಂತ ದನಿಯಲ್ಲೇ ಸಾಕಷ್ಟು ಗೊತ್ತಾಗುತ್ತದೆ. ಅನುಮಾನ ಬಂದರೆ ಬೈಯುವುದಿಲ್ಲ. ಫೋನ್ ಮಾಡಿ ‘ಫ್ಯಾನ್ ಹತ್ತರ ಬದಲು ಐದು ಗಂಟೆ ಹಾಕಿದ್ದರೆ ಎಷ್ಟಾಗುತ್ತಿತ್ತು ಪುಟ್ಟಾ?’ ಅಂತ ಒಂದೇ ಪ್ರಶ್ನೆ ಕೇಳುತ್ತೇನೆ.

ತಿದ್ದುವುದು, ತಿರುಗಿ ಕೊಡುವುದು

ನಲವತ್ತು ಪುಟಕ್ಕೂ ಉದ್ದುದ್ದ ಬರೆಯಲು ಹೋದರೆ ನಾವು ಉಳಿಯುವುದಿಲ್ಲ. ಮೊದಲು ಹತ್ತು ಪುಟ ಸುಮ್ಮನೆ ಓದಿ, ಮತ್ತೆ ಮತ್ತೆ ಬರುವ ತಪ್ಪು ಗುರುತು ಮಾಡಿಕೊಳ್ಳಿ. ಮೀಟರ್ ಕೆಲಸದಲ್ಲಿ ಅದು ಯಾವಾಗಲೂ ಒಂದೇ: ನಿಮಿಷವನ್ನು ಗಂಟೆ ಮಾಡದೆ ಗುಣಿಸುವುದು. ಅದಕ್ಕೆ ಎಲ್ಲರಿಗೂ ಸೇರಿ ಎರಡು ನಿಮಿಷದ ಆಡಿಯೊ. ಆಮೇಲೆ ಒಬ್ಬೊಬ್ಬರಿಗೂ ಎರಡೇ ಸಾಲು, ಒಂದು ಚೆನ್ನಾಗಿ ಆದದ್ದು, ಒಂದು ಮುಂದೆ ಮಾಡಬೇಕಾದ್ದು. ‘ಗುಡ್’ ಅನ್ನುವ ಪದ ಬೇಡ. ‘ಟಿವಿ ಆಫ್ ಮಾಡಿದರೂ ಕೆಂಪು ದೀಪ ಉರಿಯುತ್ತದೆ ಅಂತ ಗಮನಿಸಿದ್ದೀಯಲ್ಲ, ಅದು ನನಗೆ ಇಷ್ಟವಾಯಿತು’ ಅನ್ನಿ. ನಾಲ್ಕು ದಿನದೊಳಗೆ ಕಳಿಸಿ, ಬಿಸಿ ಆರಿದ ಮೇಲೆ ಯಾರೂ ಓದುವುದಿಲ್ಲ.

ತಿದ್ದಿ ಮತ್ತೆ ಕಳಿಸಲು ಅವಕಾಶ ಇರಲಿ, ಎರಡನೇ ಸಲದ ಅಂಕವೇ ಅಂಕ. ಮೊದಲ ಸಲ ನಾಲ್ಕು ತೆಗೆದ ಮಗು ಎಂಟಕ್ಕೆ ಬಂದರೆ ಕಲಿತಿದೆ ಅಂತ ತಾನೇ ಅರ್ಥ? ಎಫ್‌ಎ (ರೂಪಣಾತ್ಮಕ ಮೌಲ್ಯಮಾಪನ) ದಾಖಲೆಗೆ ಬೇಕಾದ ಪುರಾವೆಯೂ ಎರಡೂ ಫೋಟೊದಲ್ಲಿ ಸಿಗುತ್ತದೆ.

ಪ್ರತಿ ಸಲ ಒಂದಿಷ್ಟು ತಿದ್ದಿ

ಒಳ್ಳೆಯ ಅಸೈನ್‌ಮೆಂಟ್ ಒಂದೇ ಸಲಕ್ಕೆ ಆಗುವುದಿಲ್ಲ. ಮುಗಿದ ಮೇಲೆ ಮಕ್ಕಳನ್ನು ಎರಡು ಪ್ರಶ್ನೆ ಕೇಳುತ್ತೇನೆ: ಎಲ್ಲಿ ಸಿಕ್ಕಿಹಾಕಿಕೊಂಡಿರಿ? ಎಲ್ಲಿ ಟೈಮ್ ಸುಮ್ನೆ ಹೋಯಿತು ಅನಿಸಿತು? ಉತ್ತರಗಳನ್ನು ಅದೇ ಸೂಚನೆಯ ಕೆಳಗೆ ಬರೆದಿಡುತ್ತೇನೆ.

ಮೀಟರ್ ಕೆಲಸದ ಮೊದಲ ವರ್ಷ ನಾಲ್ಕು ಮಕ್ಕಳು 239, 241, 238 ಅಂತ ಬರೆದು ಕಳಿಸಿದ್ದರು. ಅದು ವೋಲ್ಟೇಜು. ಡಿಜಿಟಲ್ ಮೀಟರಿನಲ್ಲಿ ಅಂಕಿಗಳು ಒಂದಾದ ಮೇಲೆ ಒಂದು ಬದಲಾಗುತ್ತಾ ಇರುತ್ತವೆ, ಯಾವುದನ್ನು ಓದಬೇಕು ಅಂತ ನಾನು ಹೇಳಿರಲಿಲ್ಲ. ಎರಡನೇ ವರ್ಷ ನನ್ನ ಮೀಟರಿನ ಫೋಟೊ ಹಾಕಿ ಗುಂಡು ಸುತ್ತಿದೆ. ಮೊದಲು ಹತ್ತು ಉಪಕರಣ ಕೇಳುತ್ತಿದ್ದೆ, ಕೆಲವು ಮನೆಯಲ್ಲಿ ಅಷ್ಟು ಇರುವುದಿಲ್ಲ, ಮಗು ಅದನ್ನು ಬರೆಯುವಾಗ ಏನನಿಸುತ್ತದೆ ಅಂತ ನನಗೆ ಹೊಳೆದಿರಲಿಲ್ಲ. ಈಗ ಐದು. ವಾಯ್ಸ್ ಮೆಸೇಜ್ ಸೇರಿಸಿದ್ದು ಮೂರನೇ ವರ್ಷ.

ಹೋದ ಸಲ ಒಬ್ಬ ಹುಡುಗಿ ಕೊನೆಯಲ್ಲಿ ಕೇಳಿದಳು: ‘ಮಿಸ್, ಫ್ಯಾನ್ ಒಂದರಲ್ಲಿ ಇಟ್ಟರೂ ಐದರಲ್ಲಿ ಇಟ್ಟರೂ ಕರೆಂಟ್ ಅಷ್ಟೇನಾ?’ ನಾನು ಉತ್ತರ ಹೇಳಲಿಲ್ಲ. ಹಳೇ ಕಾಲದ ದಪ್ಪ ರೆಗ್ಯುಲೇಟರಿಗೂ ಈಗಿನ ಎಲೆಕ್ಟ್ರಾನಿಕ್ ರೆಗ್ಯುಲೇಟರಿಗೂ ಉತ್ತರ ಬೇರೆ ಬೇರೆ ಬರುತ್ತದೆ, ಮನೆಯಿಂದ ಮನೆಗೂ ಬೇರೆಯಾಗುತ್ತದೆ. ಈ ವರ್ಷದ ಹಾಳೆಗೆ ಅವಳ ಪ್ರಶ್ನೆಯನ್ನೇ ಸೇರಿಸಿದ್ದೇನೆ: ‘ಮನೆಯವರನ್ನು ಕೇಳಿ, ಫ್ಯಾನ್ ಒಂದು ಬಿಟ್ಟು ಉಳಿದದ್ದೆಲ್ಲ ಆಫ್ ಮಾಡಿಸಿ. ಫ್ಯಾನ್ ಒಂದರಲ್ಲಿಟ್ಟು ಐದು ನಿಮಿಷ, ಐದರಲ್ಲಿಟ್ಟು ಐದು ನಿಮಿಷ, ಕೆಂಪು ದೀಪ ಎಷ್ಟು ಸಲ ಮಿನುಗಿತು ಅಂತ ಎಣಿಸಿ. ನಿಮ್ಮದು ಯಾವ ರೆಗ್ಯುಲೇಟರ್ ಅಂತಲೂ ಬರೆಯಿರಿ.’